ಆ ಕಸದ ಗೆರೆಯನ್ನು ಬಾಚಬೇಡಿ

ಕಡಲ ದಂಡೆಗಳ ಉಸ್ತುವಾರಿ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ದಂಡೆಯಲ್ಲಿ ಚಿಪ್ಪು ಹೆಕ್ಕುವ ಪೈಕಿ. ಅದು ನನ್ನ ಹೊಟ್ಟೆಪಾಡಲ್ಲ, ಹುಚ್ಚು. ವಾರಕ್ಕೆ ಎರಡು ಮೂರು ದಿನ ಬೆಳಕು ಹರಿಯುವ ಹೊತ್ತಿಗೆ ಒಂದು ಬಟ್ಟೆ ಚೀಲ ಹಿಡಿದು, ಸೊಂಟ ಬಗ್ಗಿಸಿಕೊಂಡು ನೀರಿನಂಚಿನಲ್ಲಿ ನಡೆಯುತ್ತೇನೆ. ದೂರದಿಂದ ನೋಡಿದವರಿಗೆ ಏನೋ ಕಳೆದುಕೊಂಡವರ ಹಾಗೆ ಕಾಣುತ್ತೇನಂತೆ. "ಏನು ಬಿದ್ದೋಯ್ತು?" ಅಂತ ಎಷ್ಟೋ ಜನ ಕೇಳಿದ್ದಾರೆ. ಕೆಲವರು ಪಾಪ, ನನ್ನ ಜೊತೆ ಹುಡುಕಿಯೂ ಕೊಟ್ಟಿದ್ದಾರೆ.

ಈ ಪತ್ರ ಬರೆಯಲು ಕಾರಣ ಒಂದು ಟ್ರ್ಯಾಕ್ಟರ್.

ಎರಡು ದಿನ ಬಿಡದೆ ಗಾಳಿ ಬೀಸಿ ನಿಂತ ಮಾರನೇ ಬೆಳಗ್ಗೆ ಅದು. ನಮ್ಮಂಥವರಿಗೆ ಅದು ಹಬ್ಬದ ದಿನ. ರಾತ್ರಿಯ ಉಬ್ಬರ ಎಲ್ಲಿಯವರೆಗೆ ಏರಿತ್ತೋ ಅಲ್ಲಿ ಪಾಚಿ, ಕಡ್ಡಿ, ಗರಿ, ಚಿಪ್ಪು ಎಲ್ಲ ಸೇರಿ ಒಂದು ಮೊಳ ಅಗಲದ ಗೆರೆ ಬಿದ್ದಿತ್ತು. ನಾನು ಒಂದು ಕಡೆ ಕುಕ್ಕರಗಾಲಿನಲ್ಲಿ ಕೂತು ಪಾಚಿಯನ್ನು ಮೆಲ್ಲಗೆ ಬಿಡಿಸಿದೆ. ಒಳಗೆ ಇನ್ನೂ ಒದ್ದೆ, ಹೊರಗಿನ ಗಾಳಿಗಿಂತ ತಣ್ಣಗೆ. ಅಕ್ಕಿಕಾಳಿನಷ್ಟು ದೊಡ್ಡ ಜೀವಿಗಳು ಚಿಗಟದ ಹಾಗೆ ನೆಗೆದು ಕೈಮೇಲೆ ಬಿದ್ದವು. ಕಪ್ಪೆಚಿಪ್ಪಿನ ಒಂದು ಹೋಳು ಸಿಕ್ಕಿತು. ಅದರ ನೆತ್ತಿಯ ಹತ್ತಿರ ಡ್ರಿಲ್ ಹಾಕಿ ಕೊರೆದ ಹಾಗೆ ಗುಂಡನೆಯ ತೂತು. ಒಂದು ಸಮುದ್ರನೊರೆ, ಅದರ ಮೇಲೆ ಯಾವುದೋ ಹಕ್ಕಿ ಕುಕ್ಕಿದ ಗುರುತು. ಬೂದುಬಣ್ಣದ ಒಂದು ಗಜ್ಜುಗದ ಬೀಜ. ಆಮೇಲೆ ನೀಲಿ ಬಾಟಲಿ ಮುಚ್ಚಳವೊಂದು ತನ್ನಷ್ಟಕ್ಕೆ ನಡೆದು ಹೋಗುವುದು ಕಾಣಿಸಿತು. ಎತ್ತಿ ನೋಡಿದರೆ ಒಳಗೆ ಸನ್ಯಾಸಿ ಏಡಿ, ಖಾಲಿ ಶಂಖದೊಳಗೆ ಮನೆ ಮಾಡುವ ಜಾತಿ. ಶಂಖ ಸಿಗದೆ ಮುಚ್ಚಳದಲ್ಲಿ ಸಂಸಾರ ಹೂಡಿತ್ತು.

ಅಷ್ಟರಲ್ಲಿ ಹಿಂದಿನಿಂದ ಸದ್ದು. ಟ್ರ್ಯಾಕ್ಟರಿಗೆ ಉದ್ದನೆ ಹಲ್ಲಿನ ಬಾಚಣಿಗೆ ಕಟ್ಟಿಕೊಂಡು, ನೇರ ಆ ಗೆರೆಯ ಮೇಲೆಯೇ ಬರುತ್ತಿತ್ತು. ನಾನು ಎದ್ದು ಪಕ್ಕಕ್ಕೆ ಸರಿದೆ. ಅದು ಹಾದು ಹೋದ ಮೇಲೆ ಹಿಂದೆ ಏನೂ ಉಳಿದಿರಲಿಲ್ಲ. ಸಾರಿಸಿದ ಅಂಗಳದ ಹಾಗೆ ಮರಳು ನುಣ್ಣಗಾಗಿತ್ತು.

ಚಾಲಕ ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಗಾಡಿ ನಿಲ್ಲಿಸಿದರು. "ಏನಾದ್ರೂ ಬಿಟ್ಟು ಹೋಯ್ತಾ?" ಅಂದರು. ನಾನು ಅಂಗೈಯಲ್ಲಿದ್ದ ಏಡಿ ತೋರಿಸಿದೆ. ಇಳಿದು ಬಂದು ಬಗ್ಗಿ ನೋಡಿದರು. "ಅಯ್ಯೋ, ಇದರಲ್ಲೆಲ್ಲ ಜೀವ ಇರತ್ತಾ? ಬೆಳಗಾಗೋದ್ರೊಳಗೆ ಗೆರೆ ಕಾಣಬಾರದು ಅಂತ ಮೇಲಿನವರು ಹೇಳಿದ್ದಾರೆ, ನಾನು ಎಳೀತೀನಿ" ಅಂದರು.

ಹಾಗಾಗಿ ಈ ಪತ್ರ ಅವರಿಗಲ್ಲ, ಮೇಲಿನವರಿಗೆ. ನಿಮಗೆ.

ನಿಮಗೆ ಕಸ ಅಂತ ಕಾಣುವ ಆ ಗೆರೆಯಲ್ಲಿ ನಮಗೆ ಏನು ಕಾಣುತ್ತದೆ ಅನ್ನುವುದನ್ನು ಮೊದಲು ಹೇಳಬೇಕು. ಆ ತೂತಿನ ಚಿಪ್ಪನ್ನೇ ತೆಗೆದುಕೊಳ್ಳಿ. ಸರಕ್ಕೆ ಪೋಣಿಸಲು ಯಾರೋ ಕೊರೆದದ್ದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕೊರೆದದ್ದು ಇನ್ನೊಂದು ಚಿಪ್ಪಿನ ಪ್ರಾಣಿ. ಮರಳಿನೊಳಗೆ ನುಸುಳಿಕೊಂಡು ಓಡಾಡುವ, ಗುಂಡನೆಯ ಒಂದು ಜಾತಿಯ ಕಡಲ ಬಸವನಹುಳು ಇದೆ. ಅದು ಕಪ್ಪೆಚಿಪ್ಪನ್ನು ತನ್ನ ಅಗಲವಾದ ಪಾದದಲ್ಲಿ ಅಪ್ಪಿ ಹಿಡಿಯುತ್ತದೆ. ಆಮ್ಲ ಸುರಿಸಿ ಸುಣ್ಣವನ್ನು ಮೆದು ಮಾಡುತ್ತದೆ. ಅರದಂಥ ನಾಲಿಗೆಯಿಂದ ಉಜ್ಜುತ್ತದೆ. ಮತ್ತೆ ಆಮ್ಲ, ಮತ್ತೆ ಉಜ್ಜು, ಹೀಗೆ ಗಂಟೆಗಟ್ಟಲೆ. ತೂತು ಬಿದ್ದ ಮೇಲೆ ಒಳಗಿನ ಮಾಂಸ ಅದರದ್ದು. ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲೆ ಅಗಲ, ಒಳಗೆ ಕಿರಿದು, ಬಟ್ಟಲಿನ ಹಾಗೆ ಇಳಿಜಾರು. ಬಡಗಿ ಸ್ಕ್ರೂ ತಲೆ ಕೂರಿಸಲು ಕೊರೆದ ಹಾಗೆ. ಅಂಚು ನೇರಕ್ಕಿದ್ದರೆ ಕೊಲೆಗಾರ ಬೇರೆ ಜಾತಿಯವನು. ಒಂದು ಬೆಳಗ್ಗೆ ಹತ್ತು ತೂತಿನ ಚಿಪ್ಪು ನೋಡಿದರೆ ನೀರಿನ ಕೆಳಗೆ ಯಾರು ಯಾರನ್ನು ತಿಂದು ಬದುಕುತ್ತಿದ್ದಾರೆ ಅಂತ ಸುಮಾರಾಗಿ ಹೇಳಬಹುದು, ಮುಳುಗದೆಯೇ.

ಸಮುದ್ರನೊರೆ ಅನ್ನುವುದು ನೊರೆಯಲ್ಲ ಅಂತ ನಿಮಗೂ ಗೊತ್ತಿರಬಹುದು. ಅದು ಕಪ್ಪೆ ಬೊಂಡಾಸ್ ಅನ್ನುವ ಪ್ರಾಣಿಯ ಬೆನ್ನಿನೊಳಗಿನ ಚಿಪ್ಪು. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಅಡ್ಡಕ್ಕೆ ಮುರಿದು ನೋಡಿ, ಒಂದರ ಮೇಲೊಂದು ಕಾಗದದಷ್ಟು ತೆಳು ಅಂತಸ್ತುಗಳು. ಆ ಅಂತಸ್ತುಗಳಲ್ಲಿ ನೀರು ಮತ್ತು ಗಾಳಿಯನ್ನು ಹೆಚ್ಚು ಕಡಿಮೆ ಮಾಡಿಕೊಂಡು ಅದು ನೀರಲ್ಲಿ ತೇಲುವುದು, ಮುಳುಗುವುದು. ಗಜ್ಜುಗದ ಕಥೆ ಇನ್ನೂ ಚೆಂದ. ಅದರ ಸಿಪ್ಪೆಯೊಳಗೆ ಉಪ್ಪುನೀರು ಇಳಿಯುವುದಿಲ್ಲ. ವರ್ಷಗಟ್ಟಲೆ ತೇಲಿ, ಎಲ್ಲೋ ದಡ ಮುಟ್ಟಿ, ಅಲ್ಲಿ ಮೊಳೆಯುತ್ತದೆ. ಬಾಚಣಿಗೆಯ ಹಲ್ಲಿಗೆ ಇದೆಲ್ಲ ಒಂದೇ.

ಇನ್ನು ಆ ನೆಗೆಯುವ ಜೀವಿಗಳು. ಅವುಗಳಿಗೆ ಕೊಳೆಯುವ ಪಾಚಿಯೇ ಊಟ, ಪಾಚಿಯ ತಂಪೇ ಮನೆ. ದಂಡೆಯಲ್ಲಿ ಓಡೋಡಿ ಕುಕ್ಕುವ ಸಣ್ಣ ಹಕ್ಕಿಗಳಿಗೆ ಅವೇ ಊಟ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬಾಚುವ ದಂಡೆಗಳನ್ನೂ ಬಾಚದ ದಂಡೆಗಳನ್ನೂ ವಿಜ್ಞಾನಿಗಳು ಹೋಲಿಸಿ ನೋಡಿದ್ದಾರೆ. ಬಾಚುವ ಕಡೆ ಈ ಸಣ್ಣ ಜೀವಿಗಳೂ ಕಡಿಮೆ, ಹಕ್ಕಿಗಳೂ ಕಡಿಮೆ. ಗಾಳಿಗೆ ಹಾರುವ ಮರಳನ್ನು ತಡೆದು ಗುಡ್ಡೆ ಕಟ್ಟುವುದಕ್ಕೂ ಇದೇ ಗೆರೆ ಬೇಕು. ಪಾಚಿಗೆ ಮರಳು ಸಿಕ್ಕಿಕೊಳ್ಳುತ್ತದೆ, ಮರಳಿಗೆ ಬೀಜ ಸಿಕ್ಕಿಕೊಳ್ಳುತ್ತದೆ, ಬಳ್ಳಿ ಹಬ್ಬುತ್ತದೆ. ದಂಡೆ ಕೊರೆಯುತ್ತಿದೆ ಅಂತ ಒಂದು ಕಡೆ ಕಲ್ಲು ಸುರಿಸುತ್ತೀರಿ, ಇನ್ನೊಂದು ಕಡೆ ಮರಳು ಹಿಡಿದಿಡುವುದನ್ನು ಬಾಚಿ ಹಾಕುತ್ತೀರಿ. ಇದು ನನಗೆ ಯಾವತ್ತೂ ಅರ್ಥವಾಗಿಲ್ಲ.

"ಹಾಗಾದರೆ ಗಬ್ಬು ನಾರಲಿ ಅಂತ ಬಿಡೋಣವಾ?" ಅಂತ ನೀವು ಕೇಳಬಹುದು. ಕೇಳಬೇಕಾದ್ದೇ. ಪಾಚಿ ನಾಲ್ಕು ದಿನ ಬಿಸಿಲಿಗೆ ಬಿದ್ದರೆ ವಾಸನೆ ಬರುತ್ತದೆ, ನೊಣ ಬರುತ್ತದೆ. ಜನ ನಿಮಗೇ ಫೋನ್ ಮಾಡಿ ಬೈಯುತ್ತಾರೆ, ನನಗಲ್ಲ. ಜನ ಜಾಸ್ತಿ ಕೂರುವ, ಮಕ್ಕಳು ಆಡುವ ಜಾಗದಲ್ಲಿ ಬಾಚಿ, ಬೇಡ ಅನ್ನುವುದಿಲ್ಲ. ಇಡೀ ದಂಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ದಿನಾ ಬಾಚುವುದು ಯಾಕೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಯಂತ್ರ ಇಟ್ಟುಕೊಂಡೇ ಬೇರೆ ದಾರಿ ಹುಡುಕಿದವರಿದ್ದಾರೆ. ಕ್ಯಾಲಿಫೋರ್ನಿಯಾದಲ್ಲೇ ಗ್ರೂನಿಯನ್ ಅನ್ನುವ ಒಂದು ಸಣ್ಣ ಮೀನಿದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ರಾತ್ರಿಗಳಲ್ಲಿ ಅಲೆಯ ಮೇಲೆ ಸವಾರಿ ಮಾಡಿಕೊಂಡು ದಡಕ್ಕೆ ಬಂದು, ಒದ್ದೆ ಮರಳಿನಲ್ಲಿ ಬಾಲ ಊರಿ ಮೊಟ್ಟೆ ಇಟ್ಟು ಹೋಗುತ್ತದೆ. ಮುಂದಿನ ದೊಡ್ಡ ಉಬ್ಬರ ಬಂದು ಅಲುಗಿಸುವವರೆಗೆ ಮೊಟ್ಟೆ ಮರಳಿನೊಳಗೆ ಕಾಯುತ್ತದೆ. ಅದಕ್ಕಾಗಿ ಆ ಕಾಲದಲ್ಲಿ ಅಲ್ಲಿ ಯಂತ್ರಗಳನ್ನು ಉಬ್ಬರದ ಗೆರೆಯಿಂದ ಮೇಲಕ್ಕೇ ಓಡಿಸುತ್ತಾರೆ. ಕೆಳಗೆ ಇಳಿಸುವುದಿಲ್ಲ. ಟ್ರ್ಯಾಕ್ಟರ್ ಅದೇ, ಚಾಲಕ ಅವರೇ. ದಾರಿ ಹತ್ತು ಹೆಜ್ಜೆ ಮೇಲೆ, ಅಷ್ಟೇ.

ಪ್ಲಾಸ್ಟಿಕ್ ಬೇರೆ ಮಾತು. ಅದು ಅಲ್ಲಿರಬಾರದು. ಆದರೆ ಅದನ್ನು ಕೈಯಲ್ಲೇ ಹೆಕ್ಕಬೇಕು. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಮತ್ತು ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲಿ ಸಂಶೋಧಕರು ದಡಕ್ಕೆ ಬಂದ ಬಾಟಲಿ, ಡಬ್ಬಿಗಳ ಒಳಗೆ ನೋಡಿದರು. ಸನ್ಯಾಸಿ ಏಡಿಗಳು ಒಳಗೆ ಹೋಗಿ, ನುಣುಪು ಗೋಡೆ ಹತ್ತಲಾಗದೆ ಸತ್ತು ಬಿದ್ದಿದ್ದವು. ಎರಡೂ ಕಡೆ ಸೇರಿ 5 ಲಕ್ಷಕ್ಕೂ ಜಾಸ್ತಿ ಏಡಿ ಹೀಗೆ ಸಿಕ್ಕಿಬಿದ್ದಿವೆ ಅಂತ ಅವರ ಅಂದಾಜು. ಒಂದು ಸತ್ತರೆ ಅದರ ವಾಸನೆಗೆ, ಖಾಲಿ ಶಂಖ ಸಿಗಬಹುದು ಅಂತ, ಇನ್ನೊಂದು ಬರುತ್ತದೆ. ಅದೂ ಒಳಗೇ. ಇಂಥ ಬಾಟಲಿಯನ್ನು ಬಾಚಣಿಗೆ ಎಳೆದು ತೊಟ್ಟಿಗೆ ಹಾಕುತ್ತದೆ, ಒಳಗೆ ಇನ್ನೂ ಜೀವ ಇರುವ ಏಡಿಯ ಸಮೇತ. ಕೈಯಲ್ಲಿ ಹೆಕ್ಕುವವರು ಬಗ್ಗಿಸಿ ಅಲ್ಲಾಡಿಸಿ ನೋಡುತ್ತಾರೆ.

ಹೆಕ್ಕುವವರ ಉಪಯೋಗ ಇಷ್ಟೇ ಅಲ್ಲ. 1992ರ ಜನವರಿಯಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಒಂದು ಹಡಗಿನಿಂದ ಕಂಟೇನರ್‌ಗಳು ಸಮುದ್ರಕ್ಕೆ ಬಿದ್ದವು. ಒಂದರಲ್ಲಿ 28,800 ಸ್ನಾನದ ಆಟಿಕೆ. ಹಳದಿ ಬಾತು, ಕೆಂಪು ಬೀವರ್, ನೀಲಿ ಆಮೆ, ಹಸಿರು ಕಪ್ಪೆ. ಸುಮಾರು ಹತ್ತು ತಿಂಗಳಾದ ಮೇಲೆ ಅಲಾಸ್ಕಾದ ಸಿಟ್ಕಾ ಹತ್ತಿರ ದಂಡೆಯಲ್ಲಿ ನಡೆಯುವವರಿಗೆ ಅವು ಸಿಗಲು ಶುರುವಾದವು. ಕರ್ಟಿಸ್ ಎಬ್ಸ್‌ಮೇಯರ್ ಅನ್ನುವ ಸಮುದ್ರ ವಿಜ್ಞಾನಿ, ಯಾರಿಗೆ ಎಲ್ಲಿ ಯಾವತ್ತು ಸಿಕ್ಕಿತು ಅಂತ ಕೇಳಿ ಕೇಳಿ ಗುರುತು ಹಾಕಿಕೊಂಡರು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಪ್ರವಾಹಗಳು ಸರಿಯೋ ತಪ್ಪೋ ಅಂತ ಈ ಬಾತುಗಳಿಂದಲೇ ಪರೀಕ್ಷೆ ಆಯಿತು. 1997ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಇನ್ನೊಂದು ಹಡಗಿಗೆ ದೊಡ್ಡ ಅಲೆ ಬಡಿದು 62 ಕಂಟೇನರ್ ಬಿದ್ದವು. ಒಂದರಲ್ಲಿ ಸುಮಾರು 48 ಲಕ್ಷ ಲೆಗೋ ಆಟಿಕೆಯ ತುಂಡು. ತಮಾಷೆ ನೋಡಿ, ಅದರಲ್ಲಿ ತುಂಬಾ ತುಂಡುಗಳು ಕಡಲಿನವೇ, ಆಕ್ಟೋಪಸ್, ಕಡಲಹುಲ್ಲು, ಈಜುಗಾರರ ಕಾಲಿನ ರೆಕ್ಕೆ. ದಶಕಗಳು ಕಳೆದ ಮೇಲೂ ಜನ ಅವನ್ನು ಹೆಕ್ಕಿ ಪಟ್ಟಿ ಬರೆಯುತ್ತಿದ್ದಾರೆ. ಸಮುದ್ರಕ್ಕೆ ಬಿದ್ದ ಪ್ಲಾಸ್ಟಿಕ್ ಎಷ್ಟು ವರ್ಷ ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಲೆಕ್ಕ ಬೇಕಾ? ಟ್ರ್ಯಾಕ್ಟರ್ ಬಾಚಿದ್ದರೆ ಅದೆಲ್ಲ ಬರೀ ತೂಕ. ಇಷ್ಟು ಟನ್ ಕಸ, ಮುಗಿಯಿತು.

ಇಲ್ಲಿಯವರೆಗೆ ನಿಮ್ಮ ತಪ್ಪು ಹೇಳಿದೆ. ಈಗ ನಮ್ಮದು. ಇದನ್ನು ಬರೆಯದಿದ್ದರೆ ಪತ್ರ ಅರ್ಧ ಸುಳ್ಳಾಗುತ್ತದೆ.

ಸ್ಪೇನಿನ ಸಾಲೋ ಪಟ್ಟಣದ ಒಂದು ದಂಡೆಯಲ್ಲಿ 1978ರಿಂದ 1981ರವರೆಗೆ ತಿಂಗಳು ತಿಂಗಳೂ ಚಿಪ್ಪು ಎಣಿಸಿದ್ದರು. 2008ರಿಂದ 2010ರವರೆಗೆ ಅದೇ ಜಾಗದಲ್ಲಿ, ಅದೇ ರೀತಿ ಮತ್ತೆ ಎಣಿಸಿದರು. ಆ ಮೂವತ್ತು ವರ್ಷದಲ್ಲಿ ಪ್ರವಾಸಿಗರು ಸುಮಾರು ಮೂರು ಪಟ್ಟು ಆಗಿದ್ದರು. ಚಿಪ್ಪುಗಳು 60 ಶೇಕಡಾಕ್ಕಿಂತ ಜಾಸ್ತಿ ಕಡಿಮೆಯಾಗಿದ್ದವು. ಜನ ಜಾಸ್ತಿ ಬರುವ ಬೇಸಿಗೆ ತಿಂಗಳುಗಳಲ್ಲಿ ಇಳಿತ ಇನ್ನೂ ಜೋರು. ಬಾಚುವ ಯಂತ್ರವೂ ಕಾರಣ ಇರಬಹುದು, ಜೇಬಿಗೆ ಹಾಕಿಕೊಂಡು ಹೋಗುವವರೂ ಕಾರಣ ಇರಬಹುದು ಅಂತ ಅವರು ಬರೆದಿದ್ದಾರೆ. ಅದನ್ನು ಓದಿದ ರಾತ್ರಿ ನಮ್ಮ ಮನೆಯ ಕಪಾಟು ತೆಗೆದು ನೋಡಿದೆ. ಒಂದೇ ಜಾತಿಯ ನಲವತ್ತು ಚಿಪ್ಪು. ಯಾಕೆ ನಲವತ್ತು? ಗೊತ್ತಿಲ್ಲ. ಸುಮ್ನೆ. ಅರ್ಧಕ್ಕಿಂತ ಜಾಸ್ತಿಗೆ ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅನ್ನುವ ಚೀಟಿಯೂ ಇಲ್ಲ. ಚೀಟಿ ಇಲ್ಲದ ಚಿಪ್ಪು ಯಾರ ಉಪಯೋಗಕ್ಕೂ ಬರುವುದಿಲ್ಲ, ಧೂಳು ಹಿಡಿಯಲು ಅಷ್ಟೇ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಂತಿತ್ತು. ಅದು ಬೂಷ್ಟಲ್ಲ, ಮರದ ಕಪಾಟಿನಿಂದ ಹೊರಡುವ ಆಮ್ಲದ ಆವಿ ಚಿಪ್ಪಿನ ಸುಣ್ಣವನ್ನು ತಿನ್ನುವುದು ಅಂತ ಆಮೇಲೆ ತಿಳಿಯಿತು. ಕಡಲಲ್ಲಿ ವರ್ಷಗಟ್ಟಲೆ ಉರುಳಿಯೂ ಉಳಿದದ್ದನ್ನು ನಾನು ಮನೆಗೆ ತಂದು ಕೊಂದೆ ಅಂತಾಯಿತು, ಅಲ್ವಾ?

ಅವತ್ತಿನಿಂದ ಒಂದು ಜಾತಿಗೆ ಒಂದೇ, ಅದೂ ಚೀಟಿ ಬರೆಯುವುದಾದರೆ ಮಾತ್ರ. ಉಳಿದ ಮೂವತ್ತೊಂಬತ್ತನ್ನು ತೊಳೆದು ಅದೇ ದಂಡೆಗೆ ಸುರಿದು ಬಂದೆ. ಎರಡು ದಿನ ಬಿಟ್ಟು ಹೋದಾಗ ಅದರಲ್ಲೊಂದಕ್ಕೆ ಕಾಲು ಬಂದು ಓಡಾಡುತ್ತಿತ್ತು. ನನ್ನದೇ ಚಿಪ್ಪು ಅಂತ ಪ್ರಮಾಣ ಮಾಡಲಾರೆ. ಆದರೆ ಹಾಗೆ ನಂಬಿಕೊಂಡಿದ್ದೇನೆ.

ನಮ್ಮವರ ಇನ್ನೊಂದು ದೊಡ್ಡ ತಪ್ಪು, ಜೀವ ಇರುವುದನ್ನು ತೆಗೆದುಕೊಂಡು ಹೋಗುವುದು. ಬೇಕಂತಲೇ ಮಾಡುವವರು ಕಡಿಮೆ, ಗೊತ್ತಿಲ್ಲದೆ ಮಾಡುವವರೇ ಜಾಸ್ತಿ. ಶಂಖದ ಬಾಯಿಗೆ ಬಾಗಿಲಿನಂಥ ಮುಚ್ಚಳ ಇದ್ದರೆ ಒಳಗೆ ಜೀವ ಇದೆ. ಕಪ್ಪೆಚಿಪ್ಪಿನ ಎರಡೂ ಹೋಳು ಬಿಗಿಯಾಗಿ ಮುಚ್ಚಿ ಭಾರ ಇದ್ದರೆ ಅದೂ ಬದುಕಿದೆ. ನಾಣ್ಯದ ಹಾಗೆ ಚಪ್ಪಟೆ ಇರುವ ಸ್ಯಾಂಡ್ ಡಾಲರ್ ಮೇಲೆ ಮಖಮಲ್ಲಿನಂಥ ಸಣ್ಣ ಮುಳ್ಳಿದ್ದರೆ ಜೀವ ಇದೆ, ಬೆಳ್ಳಗೆ ನುಣುಪಾಗಿದ್ದರೆ ಇಲ್ಲ. ಖಾಲಿ ಅನ್ನಿಸಿದ ಶಂಖವನ್ನೂ ಅಂಗೈಯಲ್ಲಿಟ್ಟು ಎರಡು ನಿಮಿಷ ಅಲುಗದೆ ನಿಲ್ಲಬೇಕು. ಏಡಿಗೆ ಧೈರ್ಯ ಬರಲು ಅಷ್ಟು ಹೊತ್ತು ಬೇಕು.

ಇಷ್ಟನ್ನು ಯಾರು ಹೇಳಬೇಕು? ನೀವು. ನಿಮ್ಮ ಬೋರ್ಡುಗಳು ಹೇಳಬೇಕು. ಈಗ ಇರುವ ಬೋರ್ಡುಗಳು ಎರಡೇ ಥರ. ಒಂದರಲ್ಲಿ ಏನೂ ಇಲ್ಲ, ತುಕ್ಕು ಮಾತ್ರ. ಇನ್ನೊಂದರಲ್ಲಿ ಹನ್ನೆರಡು ಕಲಮು, ಸಾಲಾಗಿ "ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ". ಓದಿದವರು ಯಾರೂ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಸ್ಯಾನಿಬೆಲ್ ಅಂತ ಒಂದು ದ್ವೀಪ. ಚಿಪ್ಪಿಗೇ ಹೆಸರುವಾಸಿ. ಅಲ್ಲಿ ಎಲ್ಲರೂ ಬಗ್ಗಿ ನಡೆಯುವುದರಿಂದ ಆ ಭಂಗಿಗೇ ಊರಿನ ಹೆಸರು ಬಿದ್ದಿದೆ. 1995ರಲ್ಲಿ ಅವರು ಒಂದು ನಿಯಮ ಮಾಡಿದರು: ಜೀವ ಇರುವುದನ್ನು ತೆಗೆಯಬೇಡಿ. ಖಾಲಿ ಚಿಪ್ಪು ಒಯ್ಯಬಹುದು. ಮಗುವಿಗೂ ಅರ್ಥವಾಗುವ ಮಾತು. ಬಂದವರು ಬೇಜಾರು ಮಾಡಿಕೊಂಡು ಬರುವುದನ್ನು ಬಿಡಲಿಲ್ಲ, ಚಿಪ್ಪಿನ ಹೆಸರೂ ಹೋಗಲಿಲ್ಲ.

ಇಟಲಿಯ ಸಾರ್ಡೀನಿಯಾ ಇನ್ನೊಂದು ದಾರಿ ಹಿಡಿಯಿತು. 2017ರ ಕಾನೂನಿನ ಪ್ರಕಾರ ಅಲ್ಲಿ ಮರಳು, ಬೆಣಚುಕಲ್ಲು, ಚಿಪ್ಪು ಏನು ಒಯ್ದರೂ 500ರಿಂದ 3,000 ಯೂರೋ ದಂಡ. ಎರಡು ವರ್ಷ ಕಳೆದ ಮೇಲೆ ಒಂದು ಜೋಡಿ 14 ಬಾಟಲಿಯಲ್ಲಿ ಸುಮಾರು 40 ಕಿಲೋ ಮರಳು ತುಂಬಿಕೊಂಡು ಹೊರಟು ಸಿಕ್ಕಿಬಿತ್ತು. ನಲವತ್ತು ಕಿಲೋ! ಅಂಥವರನ್ನು ನೋಡಿದರೆ ಕಠಿಣ ಕಾನೂನು ಬೇಕು ಅಂತ ನನಗೂ ಅನ್ನಿಸುತ್ತದೆ. ಆದರೆ ಆ ನಿಯಮದಲ್ಲಿ ಒಂದು ಒಡೆದ ಚಿಪ್ಪು ಹಿಡಿದು ಅಮ್ಮನ ಹತ್ತಿರ ಓಡುವ ಮಗುವೂ ತಪ್ಪಿತಸ್ಥ ಆಗುತ್ತದೆ. ನನ್ನ ಓಟು ಸ್ಯಾನಿಬೆಲ್‌ಗೆ. ನಿಮ್ಮ ದಂಡೆ ತೀರಾ ಸೊರಗಿದ್ದರೆ ಸಾರ್ಡೀನಿಯಾದ ದಾರಿ ಹಿಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಜನರಿಗೆ "ಮುಟ್ಟಬೇಡಿ" ಅಂದು, ಹಿಂದಿನಿಂದ ಟ್ರ್ಯಾಕ್ಟರ್ ಕಳಿಸಿ ಎಲ್ಲವನ್ನೂ ತೊಟ್ಟಿಗೆ ಹಾಕಿಸಬೇಡಿ. ಅದು ನಗೆಪಾಟಲು.

ಬೋರ್ಡಿನಲ್ಲಿ ಜಾಗ ಉಳಿದರೆ ಅಪಾಯದ ಮಾತೂ ಎರಡು ಸಾಲು ಇರಲಿ. ನೋಡಲು ಅತಿ ಚೆಂದ ಇರುವ ಕೋನ್ ಶಂಖದ ಒಳಗಿನ ಪ್ರಾಣಿ ವಿಷದ ಈಟಿ ಚುಚ್ಚುತ್ತದೆ, ಅದರಲ್ಲಿ ಒಂದು ಜಾತಿ ಮನುಷ್ಯರನ್ನೂ ಕೊಂದಿದೆ. ನೀಲಿ ಗುಳ್ಳೆಯ ಹಾಗೆ ಬಿದ್ದಿರುವ ಬ್ಲೂಬಾಟಲ್ ಅನ್ನುವ ಕಡಲ ಜೀವಿ ಸತ್ತ ಮೇಲೂ ಕುಟುಕುತ್ತದೆ. ಬಾಲ್ಟಿಕ್ ಕರಾವಳಿಯಲ್ಲಂತೂ ಇನ್ನೊಂದು ವಿಚಿತ್ರ. ಅಲ್ಲಿ ಅಂಬರು ಸಿಗುತ್ತದೆ, ಹಳೆಯ ಮರದ ಅಂಟು ಕಲ್ಲಾದದ್ದು. ಅದರ ಹಾಗೆಯೇ ಕಾಣುವ ಬಿಳಿ ರಂಜಕದ ತುಂಡೂ ಸಿಗುತ್ತದೆ, ಎರಡನೇ ಮಹಾಯುದ್ಧದ ಬಾಂಬಿನದು. ಒದ್ದೆ ಇರುವವರೆಗೆ ಸುಮ್ಮನಿರುತ್ತದೆ. ಜೇಬಿನಲ್ಲಿ ಒಣಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅಲ್ಲಿಯವರು ಸಿಕ್ಕಿದ್ದನ್ನು ಜೇಬಿಗಲ್ಲ, ತಗಡಿನ ಡಬ್ಬಿಗೆ ಹಾಕಿ ಅನ್ನುತ್ತಾರೆ.

ಕೊನೆಯದಾಗಿ ಒಂದು ಕೇಳಿಕೆ ಇದೆ. ಸಿಕ್ಕಿದ್ದನ್ನು ತಂದು ತೋರಿಸಲು ಒಂದು ಜಾಗ ಕೊಡಿ.

ನನಗೊಮ್ಮೆ ದಂಡೆಯಲ್ಲಿ ಹಕ್ಕಿಯ ಕಾಲಿನ ಉಂಗುರ ಸಿಕ್ಕಿತ್ತು. ತೆಳು ಲೋಹ, ಉಪ್ಪು ತಿಂದು ಮಂಕಾಗಿತ್ತು. ನಾಲ್ಕು ಅಂಕೆ ಓದಲು ಬರುತ್ತಿತ್ತು, ಮುಂದಿನದು ಸವೆದಿತ್ತು. ಎಲ್ಲೋ ಯಾರೋ ಒಬ್ಬರು ಆ ಹಕ್ಕಿಯನ್ನು ಕೈಯಲ್ಲಿ ಹಿಡಿದು, ತೂಗಿ, ಬರೆದುಕೊಂಡು ಬಿಟ್ಟಿದ್ದರು. ಅದರ ಕಥೆಯ ಕೊನೆ ನನ್ನ ಕೈಯಲ್ಲಿತ್ತು. ಒಂದು ಕಚೇರಿಗೆ ಒಯ್ದೆ. ಇದು ನಮ್ಮ ವಿಭಾಗ ಅಲ್ಲ ಅಂದರು. ಇನ್ನೊಂದು ಮೇಜಿಗೆ ಕಳಿಸಿದರು. ಅಲ್ಲಿ ಅರ್ಜಿ ಕೊಡಿ ಅಂದರು. ಕೊಟ್ಟೆ. ಉಂಗುರವನ್ನು ಪೇಪರ್ ಕ್ಲಿಪ್‌ಗಳ ಡಬ್ಬಿಗೆ ಹಾಕಿಕೊಂಡರು. ಆರು ತಿಂಗಳು ಬಿಟ್ಟು ವಿಚಾರಿಸಿದರೆ ಯಾವ ಉಂಗುರ ಅಂತ ನನ್ನನ್ನೇ ಕೇಳಿದರು. ಆ ನಾಲ್ಕು ಅಂಕೆ ಇನ್ನೂ ನನಗೆ ಬಾಯಿಪಾಠ.

ಪಳೆಯುಳಿಕೆ ಸಿಗುವ ಕಡೆ ಈ ಮಾತು ಇನ್ನೂ ಗಟ್ಟಿ. ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಮೇರಿ ಆನಿಂಗ್ ಅಂತ ಬಡಗಿಯ ಮಗಳು. ಪ್ರವಾಸಿಗರಿಗೆ ಕಲ್ಲಾದ ಚಿಪ್ಪು ಮಾರುವುದು ಅವರ ಮನೆಯ ಸಂಪಾದನೆ. 1811ರಲ್ಲಿ ಅಣ್ಣನಿಗೆ ತಲೆಬುರುಡೆ ಸಿಕ್ಕಿತು, ಮುಂದಿನ ವರ್ಷ ಉಳಿದ ದೇಹವನ್ನು ಈಕೆ ಹುಡುಕಿದಳು. ಇಕ್ತಿಯೋಸಾರ್ ಅನ್ನುವ ಕಡಲ ಸರೀಸೃಪ. ಆಗ ಅವಳಿಗೆ ಹನ್ನೆರಡೋ ಹದಿಮೂರೋ ವಯಸ್ಸು. 1823ರಲ್ಲಿ ಪ್ಲೀಸಿಯೋಸಾರ್ ಅನ್ನುವ ಇನ್ನೊಂದು ಕಡಲ ಸರೀಸೃಪ. ಚಳಿಗಾಲದ ಮಳೆಗೆ ಬೆಟ್ಟ ಜರಿದಾಗ ಹೋಗಬೇಕು, ತಡಮಾಡಿದರೆ ಕಡಲು ಒಡೆದು ಪುಡಿ ಮಾಡುತ್ತದೆ. ಹಾಗೆ ಜರಿದ ಒಂದು ಬೆಟ್ಟದಡಿ ಅವಳ ನಾಯಿ ಸತ್ತಿತು, ಅವಳು ಸ್ವಲ್ಪದರಲ್ಲಿ ಉಳಿದಳು. ಇವತ್ತು ಅದೇ ಕರಾವಳಿಯಲ್ಲಿ ಹೆಕ್ಕುವವರಿಗೆ ಒಂದು ನಡವಳಿಕೆ ಪಟ್ಟಿ ಇದೆ. ಉದುರಿ ಬಿದ್ದದ್ದನ್ನು ಹೆಕ್ಕಬಹುದು, ಅನುಮತಿಯಿಲ್ಲದೆ ಬೆಟ್ಟ ಕೊರೆಯುವಂತಿಲ್ಲ, ಮುಖ್ಯವಾದದ್ದು ಸಿಕ್ಕರೆ ಬರೆಸಬೇಕು. ಹೆಕ್ಕದೆ ಬಿಟ್ಟರೆ ಕಡಲ ಪಾಲು ಅಂತ ಅಲ್ಲಿಯವರಿಗೆ ಗೊತ್ತು.

ಕಡಲು ಎಷ್ಟು ಬೇಗ ತಿನ್ನುತ್ತದೆ ಅಂದರೆ, 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹೇಸ್‌ಬರೋ ದಂಡೆಯಲ್ಲಿ ಅಲೆಗಳು ಮರಳು ಎಳೆದುಕೊಂಡು ಹೋಗಿ ಕೆಳಗಿನ ಜೇಡಿ ಕಾಣಿಸಿತು. ಅದರಲ್ಲಿ ಮನುಷ್ಯರ ಹೆಜ್ಜೆಗಳು. ದೊಡ್ಡವರದು, ಮಕ್ಕಳದು. ಎಂಟೂವರೆಯಿಂದ ಒಂಬತ್ತೂವರೆ ಲಕ್ಷ ವರ್ಷ ಹಳೆಯವು. ಮಳೆಯಲ್ಲೇ ನಿಂತು ಫೋಟೋ ತೆಗೆದು ಅಳತೆ ಹಿಡಿದರು. ಎರಡು ವಾರದೊಳಗೆ ಎಲ್ಲ ಅಳಿಸಿ ಹೋಯಿತು. ನೋಡುವ ಕಣ್ಣು ಅವತ್ತು ಅಲ್ಲಿರದಿದ್ದರೆ ಅಷ್ಟೇ.

2020ರಲ್ಲಿ ಸಾಮರ್‌ಸೆಟ್‌ನ ದಂಡೆಯಲ್ಲಿ ಅಪ್ಪ ಮತ್ತು ಹನ್ನೊಂದು ವರ್ಷದ ಮಗಳಿಗೆ ಮೂಳೆಯ ತುಂಡು ಸಿಕ್ಕವು. ಅವರು ಮನೆಯ ಶೋಕೇಸಿಗೆ ಹಾಕಲಿಲ್ಲ, ತಿಳಿದವರಿಗೆ ತೋರಿಸಿದರು. ಹತ್ತಿರದ ಇನ್ನೊಂದು ದಂಡೆಯಲ್ಲಿ 2016ರಲ್ಲಿ ಇನ್ನೊಬ್ಬ ಹವ್ಯಾಸಿಗೆ ಸಿಕ್ಕಿದ್ದ ಮೂಳೆಯೂ ಇಂಥದ್ದೇ. ಎರಡೂ ಸೇರಿ 2024ರಲ್ಲಿ ಒಂದು ಹೊಸ ಇಕ್ತಿಯೋಸಾರ್‌ಗೆ ಹೆಸರಿಡಲಾಯಿತು. ಬರೀ ದವಡೆಯ ಒಂದು ಮೂಳೆಯೇ ಎರಡು ಮೀಟರಿಗಿಂತ ಉದ್ದ. ಪ್ರಾಣಿಯ ಉದ್ದ ಸುಮಾರು 25 ಮೀಟರ್ ಇದ್ದಿರಬಹುದಂತೆ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ತಿಳಿಯುವ ದಾರಿ ಇದ್ದದ್ದರಿಂದ ಇದಾಯಿತು. ಪೇಪರ್ ಕ್ಲಿಪ್ ಡಬ್ಬಿಯಿಂದ ಆಗುತ್ತಿರಲಿಲ್ಲ.

ಡೆನ್ಮಾರ್ಕಿನವರು ಇದಕ್ಕೆ ಕಾನೂನನ್ನೇ ಮಾಡಿದ್ದಾರೆ. 1990ರಿಂದ ಅಲ್ಲಿ ಬಹಳ ವಿಶೇಷವಾದ ಪಳೆಯುಳಿಕೆ ಯಾರಿಗೆ ಸಿಕ್ಕರೂ ಅದು ದೇಶದ್ದು, ಮ್ಯೂಸಿಯಮ್ಮಿಗೆ ಕೊಡಬೇಕು. ಸುಮ್ಮನೆ ಕಿತ್ತುಕೊಳ್ಳುವುದಿಲ್ಲ, ಸಿಕ್ಕಿದವರಿಗೆ ಹಣ ಕೊಡುತ್ತಾರೆ. ಹಾಗಾಗಿ ಜನ ಬಚ್ಚಿಡುವುದಿಲ್ಲ, ಓಡಿ ಬಂದು ತೋರಿಸುತ್ತಾರೆ. ಸ್ಟೆವ್ನ್ಸ್ ಕ್ಲಿಂಟ್ ಅನ್ನುವ ಸುಣ್ಣಕಲ್ಲಿನ ದಡದಲ್ಲಿ ಒಬ್ಬ ಹವ್ಯಾಸಿಗೆ ಸಿಕ್ಕ ತುಂಡಿನ ಸುದ್ದಿ 2025ರ ಜನವರಿಯಲ್ಲಿ ಬಂತು. ಅದು 6 ಕೋಟಿ 60 ಲಕ್ಷ ವರ್ಷದ ಹಿಂದೆ ಯಾವುದೋ ಮೀನು ಕಡಲ ಲಿಲಿ ಅನ್ನುವ ಪ್ರಾಣಿಗಳನ್ನು ತಿಂದು ಅರಗದೆ ಕಕ್ಕಿದ್ದು. ವಾಂತಿ! ತಿಮಿಂಗಿಲದ ವಾಂತಿ ಅಂತ ಕರೆಯುವ ಅಂಬರ್ ಗ್ರಿಸ್‌ಗಾಗಿ ಕಳ್ಳಸಾಗಣೆ ಮಾಡಿ ಜೈಲಿಗೆ ಹೋಗುವವರ ಸುದ್ದಿ ಓದಿದ್ದೇವೆ. ನಿಜವಾದ ವಾಂತಿ ಹಿಡಿದುಕೊಂಡು ಮ್ಯೂಸಿಯಮ್ಮಿಗೆ ಹೋದವರೂ ಇದ್ದಾರೆ ನೋಡಿ.

ನಾನು ಕಾನೂನು ಕೇಳುತ್ತಿಲ್ಲ. ದಂಡೆಯ ಬಾಗಿಲಲ್ಲಿ ನಿಮ್ಮದೊಂದು ಸಣ್ಣ ಕೋಣೆ ಇದ್ದೇ ಇರುತ್ತದೆ. ಅಲ್ಲಿ ಒಂದು ಮೇಜು, ಒಂದು ದಪ್ಪ ನೋಟ್‌ಬುಕ್, ಒಂದು ಪೆನ್ನು. ಪೆನ್ನಿಗೆ ದಾರ ಕಟ್ಟಿ, ಇಲ್ಲದಿದ್ದರೆ ಉಳಿಯುವುದಿಲ್ಲ. ಏನು ಸಿಕ್ಕಿತು, ಎಲ್ಲಿ, ಯಾವತ್ತು. ವರ್ಷಕ್ಕೊಮ್ಮೆ ತಿಳಿದವರೊಬ್ಬರು ಬಂದು ಆ ಪುಸ್ತಕ ತಿರುವಿ ಹಾಕಿದರೆ ಸಾಕು. ಮೊದಲ ಪುಟ ತುಂಬುವ ಜವಾಬ್ದಾರಿ ನನ್ನದು. ಮೊದಲ ಸಾಲು ಆ ನಾಲ್ಕು ಅಂಕೆ.

ಹುಣ್ಣಿಮೆ ಆಗಿ ಎರಡನೇ ದಿನ ನಾನು ನಡೆಯುವ ದಂಡೆಯಲ್ಲಿ ಬೆಳಗ್ಗೆ ಆರರ ಸುಮಾರಿಗೆ ನೀರು ತುಂಬಾ ಕೆಳಗಿಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಇಳಿತ ಒಂದೊಂದು ದಂಡೆಗೆ ಒಂದೊಂದು ಹೊತ್ತು, ಆದರೆ ಅದೇ ದಂಡೆಯಲ್ಲಿ ಹೆಚ್ಚುಕಡಿಮೆ ಅದೇ ಹೊತ್ತು. ಹಾಗಾಗಿ ಮರೆಯುವ ಭಯವಿಲ್ಲ. ನಿಮ್ಮಲ್ಲಿ ಒಬ್ಬರಾದರೂ ಬನ್ನಿ. ಬೂಟು ಬೇಡ, ಚಪ್ಪಲಿ ಸಾಕು. ಒಂದು ಭೂತಗನ್ನಡಿ ನಾನು ತರುತ್ತೇನೆ. ಟ್ರ್ಯಾಕ್ಟರ್ ಅಣ್ಣನಿಗೂ ಹೇಳಿದ್ದೇನೆ. ಅವತ್ತು ಒಂದು ಗಂಟೆ ತಡವಾಗಿ ಗಾಡಿ ತೆಗೆಯಲು ಅವರಿಗೆ ನಿಮ್ಮ ಒಪ್ಪಿಗೆ ಬೇಕಂತೆ.

ಇಂತಿ,
ದಂಡೆಯಲ್ಲಿ ಬಗ್ಗಿ ನಡೆಯುವವರಲ್ಲೊಬ್ಬರು